ಸುನಿಲ್ ಚೆಟ್ರಿ

ಸುನಿಲ್ ಚೆಟ್ರಿ (ಜನನ: 3 ಆಗಸ್ಟ್ 1984) ಭಾರತದ ವೃತ್ತಿಪರ ಫುಟ್‌ಬಾಲ್ ಆಟಗಾರರು. ಮುಂಚೂಣಿ ಆಟಗಾರರಾದ ಇವರು 2013ರಿಂದ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನೊಂದಿಗೆ ಗುರುತಿಸಿಕೊಂಡಿದ್ದಾರೆ. ಭಾರತ ತಂಡದ ನಾಯಕರಾಗಿ ದೀರ್ಘಕಾಲ ಸೇವೆ ಸಲ್ಲಿಸಿದ್ದು, ದೇಶದ ಪರವಾಗಿ ಅತಿ ಹೆಚ್ಚು ಪಂದ್ಯಗಳನ್ನು ಆಡಿದ ಹಾಗೂ ಅತಿ ಹೆಚ್ಚು ಗೋಲುಗಳನ್ನು ಗಳಿಸಿದ ದಾಖಲೆ ಇವರದಾಗಿದೆ. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದಾಗ ಇವರ ಖಾತೆಯಲ್ಲಿ 151 ಪಂದ್ಯಗಳಿಂದ 94 ಗೋಲುಗಳಿದ್ದವು. ಆ ಹೊತ್ತಿಗೆ ವಿಶ್ವದ ಸಾರ್ವಕಾಲಿಕ ಪಟ್ಟಿಯಲ್ಲಿ ಇವರಿಗಿಂತ ಮುಂದೆ ಇದ್ದವರು ಪೋರ್ಚುಗಲ್‌ನ ಕ್ರಿಸ್ಟಿಯಾನೊ ರೊನಾಲ್ಡೊ, ಇರಾನಿನ ಅಲಿ ದಾಯಿ ಮತ್ತು ಅರ್ಜೆಂಟೀನಾದ ಲಯೊನೆಲ್ ಮೆಸ್ಸಿ ಮಾತ್ರ.

ಬೆಂಗಳೂರಿಗೆ ಬರುವ ಮುನ್ನ ಚೆಟ್ರಿಯವರು ಸುಮಾರು ಹನ್ನೊಂದು ವರ್ಷಗಳ ಕಾಲ ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದವರು. ಕೋಲ್ಕತ್ತ, ಪಂಜಾಬಿನ ಫಗ್ವಾಡ, ಗೋವಾ, ಅಮೆರಿಕದ ಕಾನ್ಸಾಸ್ ಸಿಟಿ, ಪೋರ್ಚುಗಲ್‌ನ ಲಿಸ್ಬನ್ ಇವೆಲ್ಲವೂ ಆ ಪಯಣದ ನಿಲ್ದಾಣಗಳು. ಭಾರತದ ಒಬ್ಬ ಪ್ರತಿಭಾವಂತ ಆಟಗಾರ ವಿದೇಶಿ ಲೀಗ್‌ಗಳಲ್ಲಿ ನೆಲೆಯೂರಲು ಎದುರಾಗುವ ಅಡೆತಡೆಗಳೂ, ದೇಶದೊಳಗಿನ ಕ್ಲಬ್ಬುಗಳ ಅಸ್ಥಿರತೆಯೂ ಇವರ ವೃತ್ತಿಜೀವನದಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಆರಂಭಿಕ ಜೀವನ

ಸುನಿಲ್ ಚೆಟ್ರಿಯವರು ಅಂದಿನ ಆಂಧ್ರಪ್ರದೇಶದ (ಇಂದಿನ ತೆಲಂಗಾಣ) ಸಿಕಂದರಾಬಾದಿನಲ್ಲಿ ಜನಿಸಿದರು. ತಂದೆ ಕೆ. ಬಿ. ಚೆಟ್ರಿ ಭಾರತೀಯ ಸೇನೆಯಲ್ಲಿದ್ದವರು ಮತ್ತು ಸೇನಾ ತಂಡದ ಪರ ಫುಟ್‌ಬಾಲ್ ಆಡಿದವರು. ತಾಯಿ ಸುಶೀಲಾ ಹಾಗೂ ಅವರ ಅವಳಿ ಸಹೋದರಿ ಇಬ್ಬರೂ ನೇಪಾಳದ ರಾಷ್ಟ್ರೀಯ ಮಹಿಳಾ ತಂಡದ ಆಟಗಾರ್ತಿಯರಾಗಿದ್ದರು. ಹೀಗೆ ಮನೆಯಲ್ಲಿಯೇ ಆಟದ ವಾತಾವರಣವಿತ್ತು.

ತಂದೆಯ ಸೇನಾ ವೃತ್ತಿಯ ಕಾರಣ ಕುಟುಂಬವು ಆಗಾಗ ಊರು ಬದಲಿಸಬೇಕಾಗುತ್ತಿತ್ತು. ಗ್ಯಾಂಗ್‌ಟಾಕ್, ಡಾರ್ಜಿಲಿಂಗ್, ಕೋಲ್ಕತ್ತ ಮತ್ತು ದೆಹಲಿಗಳಲ್ಲಿ ಇವರ ಬಾಲ್ಯ ಹಾಗೂ ವಿದ್ಯಾಭ್ಯಾಸ ಸಾಗಿದವು. ದೆಹಲಿಯ ಧೌಲಾಕುಆನ್‌ನಲ್ಲಿರುವ ಆರ್ಮಿ ಪಬ್ಲಿಕ್ ಶಾಲೆಯಲ್ಲಿ ಓದಿದರು. 2001–02ರಲ್ಲಿ ದೆಹಲಿಯ ಸಿಟಿ ಕ್ಲಬ್ ಪರ ಆಡಿದರು. 2001ರಲ್ಲಿ ಕೌಲಾಲಂಪುರದಲ್ಲಿ ನಡೆದ ಏಷ್ಯಾ ಶಾಲಾ ಚಾಂಪಿಯನ್‌ಶಿಪ್‌ಗೆ ಭಾರತ ತಂಡದಲ್ಲಿ ಆಯ್ಕೆಯಾದರು. ಮರುವರ್ಷವೇ ಕೋಲ್ಕತ್ತದ ಮೋಹನ್ ಬಾಗಾನ್ ಇವರನ್ನು ತನ್ನ ತಂಡಕ್ಕೆ ಸೇರಿಸಿಕೊಂಡಿತು.

ಭಾರತೀಯ ಕ್ಲಬ್ಬುಗಳಲ್ಲಿ (2002–2010)

ಮೋಹನ್ ಬಾಗಾನ್ ತಂಡದಲ್ಲಿ ಚೆಟ್ರಿಯವರು 2005ರವರೆಗೆ ಇದ್ದರು. ಆ ಕಾಲದಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಎಂಬ ಎರಡು ಹಳೆಯ ಕ್ಲಬ್ಬುಗಳು ಇಡೀ ದೇಶದ ಫುಟ್‌ಬಾಲ್ ಆಸಕ್ತಿಯ ಕೇಂದ್ರಗಳಾಗಿದ್ದವು. ಹದಿನೆಂಟರ ಹುಡುಗನೊಬ್ಬ ಅಂಥ ತಂಡದಲ್ಲಿ ಸ್ಥಾನ ಪಡೆಯುವುದು ಸುಲಭದ ಮಾತಾಗಿರಲಿಲ್ಲ.

2005ರಲ್ಲಿ ಇವರು ಪಂಜಾಬಿನ ಫಗ್ವಾಡದ ಜೆಸಿಟಿ ತಂಡವನ್ನು ಸೇರಿದರು. ಬಟ್ಟೆ ಗಿರಣಿಯ ಆಶ್ರಯದಲ್ಲಿ ಬೆಳೆದ ಈ ತಂಡದಲ್ಲಿ ಕಳೆದ ಮೂರು ವರ್ಷಗಳಲ್ಲಿ ಚೆಟ್ರಿಯವರು ಪಕ್ವ ಮುಂಚೂಣಿ ಆಟಗಾರರಾಗಿ ರೂಪುಗೊಂಡರು. 2006–07ರ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ ಜೆಸಿಟಿ ಎರಡನೆಯ ಸ್ಥಾನ ಗಳಿಸಿತು. 2007ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ನೀಡುವ ವರ್ಷದ ಆಟಗಾರ ಪ್ರಶಸ್ತಿ ಇವರಿಗೆ ಮೊದಲ ಬಾರಿಗೆ ಒಲಿಯಿತು.

2008ರಲ್ಲಿ ಇವರು ಈಸ್ಟ್ ಬೆಂಗಾಲ್‌ಗೂ, 2009ರಲ್ಲಿ ಗೋವಾದ ಡೆಂಪೋ ತಂಡಕ್ಕೂ ತೆರಳಿದರು. 2009–10ರ ಐ-ಲೀಗ್ ಪ್ರಶಸ್ತಿ ಡೆಂಪೋ ಪಾಲಾಯಿತು. ಆದರೆ ಋತು ಮುಗಿಯುವ ಮೊದಲೇ ಚೆಟ್ರಿಯವರು ಅಮೆರಿಕಕ್ಕೆ ಹೊರಟಿದ್ದರು.

ಇಂಗ್ಲೆಂಡಿನ ಬಾಗಿಲು ತೆರೆಯದಿದ್ದ ಬಗೆ

2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಚೆಟ್ರಿಯವರೊಂದಿಗೆ ಮೂರು ವರ್ಷಗಳ ಒಪ್ಪಂದಕ್ಕೆ ಮುಂದಾಯಿತು. ಆದರೆ ಬ್ರಿಟಿಷ್ ಸರ್ಕಾರ ಇವರಿಗೆ ಕೆಲಸದ ಪರವಾನಗಿ ನೀಡಲಿಲ್ಲ. ಆಗಿನ ನಿಯಮದಂತೆ, ಯೂರೋಪಿನ ಒಕ್ಕೂಟದ ಹೊರಗಿನ ಆಟಗಾರನಿಗೆ ಪರವಾನಗಿ ದೊರೆಯಬೇಕಾದರೆ ಆತನ ದೇಶವು ಫಿಫಾ ಶ್ರೇಯಾಂಕದಲ್ಲಿ ಮೊದಲ 70 ಸ್ಥಾನಗಳೊಳಗೆ ಇರಬೇಕಾಗಿತ್ತು. ಜೊತೆಗೆ ದೇಶದ ಸ್ಪರ್ಧಾತ್ಮಕ ಪಂದ್ಯಗಳಲ್ಲಿ ಆತ ಶೇಕಡ 75ರಷ್ಟನ್ನಾದರೂ ಆಡಿರಬೇಕಾಗಿತ್ತು. ಎರಡನೆಯ ಷರತ್ತನ್ನು ಪೂರೈಸುವುದು ಆಟಗಾರನ ಕೈಯಲ್ಲಿರುತ್ತದೆ, ಮೊದಲನೆಯದು ಇರುವುದಿಲ್ಲ. ಭಾರತದ ಶ್ರೇಯಾಂಕ ಆಗ ನೂರರಿಂದ ಬಹಳ ಆಚೆ ಇತ್ತು.

ಈ ನಿಯಮದ ಪರಿಣಾಮವನ್ನು ಗಮನಿಸಬೇಕು. ಆಟಗಾರನು ಉತ್ತಮ ಲೀಗ್‌ನಲ್ಲಿ ಆಡಿದರೆ ಅವನ ದೇಶದ ಮಟ್ಟ ಏರುತ್ತದೆ. ದೇಶದ ಮಟ್ಟ ಏರಿದ ಮೇಲೆಯೇ ಅವನಿಗೆ ಉತ್ತಮ ಲೀಗ್‌ನಲ್ಲಿ ಆಡಲು ಅವಕಾಶ. ಈಜು ಬಾರದವನು ನೀರಿಗಿಳಿಯಬಾರದು ಎಂದಂತೆ ಈ ಸ್ಥಿತಿ. ಏಷ್ಯಾದ ಹಿಂದುಳಿದ ಫುಟ್‌ಬಾಲ್ ದೇಶಗಳ ಆಟಗಾರರಿಗೆ ಇಂಗ್ಲೆಂಡ್ ಮುಚ್ಚಿದ ಬಾಗಿಲಾಗಿ ಉಳಿಯಲು ಇದು ಮುಖ್ಯ ಕಾರಣ.

ಕಾನ್ಸಾಸ್ ಸಿಟಿ (2010)

2010ರ ಮಾರ್ಚ್‌ನಲ್ಲಿ ಚೆಟ್ರಿಯವರು ಅಮೆರಿಕದ ಮೇಜರ್ ಲೀಗ್ ಸಾಕರ್‌ನ ಕಾನ್ಸಾಸ್ ಸಿಟಿ ವಿಜರ್ಡ್ಸ್ ತಂಡದೊಂದಿಗೆ ಒಪ್ಪಂದ ಮಾಡಿಕೊಂಡರು. ಇದಕ್ಕೂ ಮುನ್ನ ವಿದೇಶಿ ಕ್ಲಬ್ಬುಗಳಲ್ಲಿ ಹೆಸರು ಮಾಡಿದ ಭಾರತೀಯರು ಬೆರಳೆಣಿಕೆಯವರು. 1936ರಲ್ಲಿ ಕೋಲ್ಕತ್ತದ ಮೊಹಮ್ಮದ್ ಸಲೀಂ ಸ್ಕಾಟ್ಲೆಂಡಿನ ಸೆಲ್ಟಿಕ್ ಪರ ಬರಿಗಾಲಿನಲ್ಲಿ ಆಡಿದ್ದರು. 1999ರಲ್ಲಿ ಬೈಚುಂಗ್ ಭುಟಿಯಾ ಇಂಗ್ಲೆಂಡಿನ ಬ್ಯೂರಿ ತಂಡವನ್ನು ಸೇರಿದ್ದರು.

ಕಾನ್ಸಾಸ್ ಸಿಟಿಯಲ್ಲಿ ಇವರಿಗೆ ಲೀಗ್ ಪಂದ್ಯದ ಅವಕಾಶ ದೊರೆಯಲಿಲ್ಲ. ಏಪ್ರಿಲ್ 14ರಂದು ಯು.ಎಸ್. ಓಪನ್ ಕಪ್ ಟೂರ್ನಿಯಲ್ಲಿ ಕೊಲರಾಡೊ ರ್‍ಯಾಪಿಡ್ಸ್ ವಿರುದ್ಧದ ಪಂದ್ಯದಲ್ಲಿ ಆಡಿದರು. ಜುಲೈ 25ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ನಡೆದ ಸೌಹಾರ್ದ ಪಂದ್ಯದಲ್ಲಿ ಬದಲಿ ಆಟಗಾರರಾಗಿ ಕಣಕ್ಕಿಳಿದರು. 2011ರ ಜನವರಿಯ ಏಷ್ಯಾ ಕಪ್‌ಗಾಗಿ ಭಾರತ ತಂಡದ ದೀರ್ಘ ತರಬೇತಿಯಲ್ಲಿ ಭಾಗವಹಿಸಬೇಕಾಗಿದ್ದುದರಿಂದ ಅಮೆರಿಕದ ಅಧ್ಯಾಯ ಅಲ್ಲಿಗೇ ಮುಗಿಯಿತು.

ಮರಳಿ ಭಾರತಕ್ಕೆ, ಅಲ್ಲಿಂದ ಲಿಸ್ಬನ್‌ಗೆ (2011–2013)

ಭಾರತಕ್ಕೆ ಮರಳಿದ ಚೆಟ್ರಿಯವರು 2011ರಲ್ಲಿ ಕೋಲ್ಕತ್ತದ ಚಿರಾಗ್ ಯುನೈಟೆಡ್ ಪರವಾಗಿಯೂ, 2011–12ರಲ್ಲಿ ಮತ್ತೆ ಮೋಹನ್ ಬಾಗಾನ್ ಪರವಾಗಿಯೂ ಆಡಿದರು. 2012ರ ಜುಲೈನಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ ಇವರೊಂದಿಗೆ ಎರಡು ವರ್ಷಗಳ ಒಪ್ಪಂದ ಮಾಡಿಕೊಂಡು ತನ್ನ ‘ಬಿ’ ತಂಡಕ್ಕೆ ಸೇರಿಸಿಕೊಂಡಿತು. ದೊಡ್ಡ ಕ್ಲಬ್ಬುಗಳ ‘ಬಿ’ ತಂಡಗಳು ಆ ವರ್ಷ ಪೋರ್ಚುಗಲ್‌ನ ಎರಡನೆಯ ದರ್ಜೆಯ ಲೀಗ್‌ನಲ್ಲಿ ಆಡಲಾರಂಭಿಸಿದ್ದವು. ಇಂಥ ತಂಡಗಳ ಉದ್ದೇಶ ಹದಿಹರೆಯದ ಪ್ರತಿಭೆಗಳನ್ನು ಮುಖ್ಯ ತಂಡಕ್ಕೆ ಸಜ್ಜುಗೊಳಿಸುವುದು. ಆ ಹೊತ್ತಿಗೆ 28 ತುಂಬುತ್ತಿದ್ದ ಚೆಟ್ರಿಯವರಿಗೆ ಅಲ್ಲಿ ಕೇವಲ ಮೂರು ಲೀಗ್ ಪಂದ್ಯಗಳಲ್ಲಿ ಆಡುವ ಅವಕಾಶ ಸಿಕ್ಕಿತು.

2013ರ ಫೆಬ್ರುವರಿಯಲ್ಲಿ ಇವರು ಎರವಲು ಆಟಗಾರರಾಗಿ ಗೋವಾದ ಚರ್ಚಿಲ್ ಬ್ರದರ್ಸ್ ತಂಡಕ್ಕೆ ಬಂದರು. ಆ ಋತುವಿನ ಐ-ಲೀಗ್ ಪ್ರಶಸ್ತಿಯನ್ನು ಚರ್ಚಿಲ್ ಬ್ರದರ್ಸ್ ಗೆದ್ದುಕೊಂಡಿತು.

ಕ್ಲಬ್ಬುಗಳ ಅಸ್ಥಿರತೆ

ಚೆಟ್ರಿಯವರು ಮೇಲಿಂದ ಮೇಲೆ ತಂಡ ಬದಲಿಸಿದ್ದಕ್ಕೆ ವೈಯಕ್ತಿಕ ಆಯ್ಕೆಯಷ್ಟೇ ಕಾರಣವಲ್ಲ. ಆ ದಶಕದ ಭಾರತೀಯ ಕ್ಲಬ್ಬುಗಳು ಬಹುಮಟ್ಟಿಗೆ ಒಂದು ಕಂಪನಿಯ ಅಥವಾ ಒಂದು ಕುಟುಂಬದ ಔದಾರ್ಯವನ್ನು ಅವಲಂಬಿಸಿದ್ದವು. ಟಿಕೆಟ್ ಮಾರಾಟದಿಂದಾಗಲಿ, ದೂರದರ್ಶನ ಪ್ರಸಾರದಿಂದಾಗಲಿ ಖರ್ಚು ಹುಟ್ಟುತ್ತಿರಲಿಲ್ಲ. ಆಶ್ರಯದಾತರ ಆಸಕ್ತಿ ಕುಂದಿದೊಡನೆ ತಂಡವೂ ಮುಚ್ಚಿಹೋಗುತ್ತಿತ್ತು. ಮುಂಬಯಿಯ ಮಹೀಂದ್ರಾ ಯುನೈಟೆಡ್ 2010ರಲ್ಲಿ ವಿಸರ್ಜನೆಗೊಂಡಿತು. ಚೆಟ್ರಿಯವರನ್ನು ಬೆಳೆಸಿದ ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು. ಚಿರಾಗ್ ಯುನೈಟೆಡ್ ‘ಪ್ರಯಾಗ್ ಯುನೈಟೆಡ್’ ಎಂದು ಹೆಸರು ಬದಲಿಸಿ, ಮುಂದೆ ರಾಷ್ಟ್ರೀಯ ಲೀಗ್‌ನಿಂದ ಮರೆಯಾಯಿತು. 2016ರಲ್ಲಿ ಡೆಂಪೋ ಸೇರಿದಂತೆ ಗೋವಾದ ಹಳೆಯ ಕ್ಲಬ್ಬುಗಳು ಐ-ಲೀಗ್‌ನಿಂದ ಹಿಂದೆ ಸರಿದವು. ಒಬ್ಬ ಆಟಗಾರನು ಹತ್ತು ವರ್ಷ ಒಂದೇ ಊರಿನಲ್ಲಿ ನಿಂತು ಆಡುವುದು ಇಂಥ ವ್ಯವಸ್ಥೆಯಲ್ಲಿ ಅಪರೂಪವಾಗಿತ್ತು.

ಬೆಂಗಳೂರು ಎಫ್‌ಸಿ

ಹಿನ್ನೆಲೆ

ಕರ್ನಾಟಕಕ್ಕೆ ಫುಟ್‌ಬಾಲ್‌ನ ಹಳೆಯ ಪರಂಪರೆಯಿದೆ. ಬೆಂಗಳೂರಿನ ದಂಡು ಪ್ರದೇಶದ ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ ಮೊದಲಾದ ಬಡಾವಣೆಗಳಿಂದ ಅನೇಕ ಆಟಗಾರರು ಬಂದಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಗಳಿಸಿದ ಎಸ್. ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯ ತಂಡವು ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ (1946–47, 1952–53, 1967–68, 1968–69) ಗೆದ್ದಿತ್ತು. ಐಟಿಐ, ಎಚ್‌ಎಎಲ್ ಮುಂತಾದ ಸಾರ್ವಜನಿಕ ಉದ್ಯಮಗಳ ತಂಡಗಳು ಆಟಗಾರರಿಗೆ ಉದ್ಯೋಗ ಕೊಟ್ಟು ಆಟವನ್ನು ಉಳಿಸಿಕೊಂಡು ಬಂದಿದ್ದವು. ಆದರೆ 2013ರ ಹೊತ್ತಿಗೆ ರಾಷ್ಟ್ರಮಟ್ಟದ ಲೀಗ್‌ನಲ್ಲಿ ನಗರವನ್ನು ಪ್ರತಿನಿಧಿಸುವ ತಂಡವೇ ಇರಲಿಲ್ಲ.

2013ರ ಜುಲೈ 20ರಂದು ಜೆಎಸ್‌ಡಬ್ಲ್ಯು ಸಮೂಹವು ಬೆಂಗಳೂರು ಎಫ್‌ಸಿಯನ್ನು ಸ್ಥಾಪಿಸಿತು. ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ತರಬೇತುದಾರರಾದರು, ಚೆಟ್ರಿಯವರು ನಾಯಕರಾದರು.

ಐ-ಲೀಗ್ ವರ್ಷಗಳು (2013–2017)

ಮೊದಲ ಋತುವಿನ ತವರು ಪಂದ್ಯಗಳು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದವು. ಹೊಸ ತಂಡವು ಮೊದಲ ಪ್ರಯತ್ನದಲ್ಲಿಯೇ 2013–14ರ ಐ-ಲೀಗ್ ಚಾಂಪಿಯನ್ ಆಯಿತು. ಗೋವಾದಲ್ಲಿ ಡೆಂಪೋ ತಂಡವನ್ನು 4–2ರಿಂದ ಮಣಿಸಿ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡಿತು. ಚೆಟ್ರಿಯವರು 14 ಗೋಲುಗಳೊಂದಿಗೆ ಭಾರತೀಯ ಆಟಗಾರರ ಪೈಕಿ ಅಗ್ರಸ್ಥಾನದಲ್ಲಿದ್ದರು.

2014ರಲ್ಲಿ ತಂಡವು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತು. 2015ರ ಮೇ 31ರಂದು ಅಲ್ಲಿ ನಡೆದ ಲೀಗ್‌ನ ಕೊನೆಯ ಪಂದ್ಯದಲ್ಲಿ ಪ್ರಶಸ್ತಿ ಉಳಿಸಿಕೊಳ್ಳಲು ಬೆಂಗಳೂರಿಗೆ ಮೋಹನ್ ಬಾಗಾನ್ ವಿರುದ್ಧ ಗೆಲುವು ಬೇಕಾಗಿತ್ತು. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಗುರಿ ಸೇರಿಸಿದರು. 1–1ರ ಸಮಬಲದೊಂದಿಗೆ ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಮರುವರ್ಷ, 2015–16ರಲ್ಲಿ, ಬೆಂಗಳೂರು ಮತ್ತೆ ಚಾಂಪಿಯನ್ ಆಯಿತು. 2014–15 ಮತ್ತು 2016–17ರ ಫೆಡರೇಷನ್ ಕಪ್‌ಗಳೂ ತಂಡದ ಪಾಲಾದವು.

ಏಷ್ಯಾ ಮಟ್ಟದಲ್ಲಿ 2016 ಮಹತ್ವದ ವರ್ಷ. ಸ್ಪೇನಿನ ಆಲ್ಬರ್ಟ್ ರೊಕಾ ತರಬೇತಿಯಲ್ಲಿ ಬೆಂಗಳೂರು ಎಎಫ್‌ಸಿ ಕಪ್‌ನ ಸೆಮಿಫೈನಲ್ ತಲುಪಿ, ಹಾಲಿ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೋಹೊರ್ ದಾರುಲ್ ತಾಝಿಮ್ ತಂಡವನ್ನು ಎದುರಿಸಿತು. ಹೊರನಾಡಿನ ಪಂದ್ಯ 1–1ರಿಂದ ಸಮವಾಗಿತ್ತು. ಅಕ್ಟೋಬರ್ 19ರಂದು ಕಂಠೀರವದಲ್ಲಿ ನಡೆದ ಎರಡನೆಯ ಪಂದ್ಯದಲ್ಲಿ ಎದುರಾಳಿ ಮೊದಲು ಗೋಲು ಗಳಿಸಿದರೂ, ಚೆಟ್ರಿಯವರ ಎರಡು ಮತ್ತು ಹುವಾನನ್ ಅವರ ಒಂದು ಗೋಲಿನಿಂದ ಬೆಂಗಳೂರು 3–1ರಿಂದ ಜಯಿಸಿತು. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಗ್ಗಳಿಕೆ ಅದರದಾಯಿತು. ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ಅಲ್-ಕುವಾ ಅಲ್-ಜವಿಯಾ ತಂಡಕ್ಕೆ 0–1ರಿಂದ ಸೋತಿತು.

ಐ-ಲೀಗ್‌ನಿಂದ ಪ್ರತ್ಯೇಕವಾಗಿ ನಡೆಯುತ್ತಿದ್ದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಚೆಟ್ರಿಯವರು 2015 ಮತ್ತು 2016ರಲ್ಲಿ ಮುಂಬೈ ಸಿಟಿ ಪರ ಆಡಿದರು. 2015ರ ಹರಾಜಿನಲ್ಲಿ ಮುಂಬೈ ಇವರನ್ನು ₹1.2 ಕೋಟಿಗೆ ಪಡೆದಿತ್ತು. ಅದೇ ವರ್ಷ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಮೂರು ಗೋಲು ಹೊಡೆದು, ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಭಾರತೀಯ ಎನಿಸಿದರು.

ಇಂಡಿಯನ್ ಸೂಪರ್ ಲೀಗ್ ವರ್ಷಗಳು (2017ರಿಂದ)

2017–18ರಲ್ಲಿ ಬೆಂಗಳೂರು ಎಫ್‌ಸಿ ಐಎಸ್‌ಎಲ್ ಪ್ರವೇಶಿಸಿತು. ಆ ವರ್ಷ ತಂಡ ಸೇರಿದ ವೆನೆಜುವೆಲಾದ ನಿಕೊಲಾಸ್ ಫೆಡೊರ್, ಅಂದರೆ ಮೀಕು, ಚೆಟ್ರಿಯವರಂತೆಯೇ ಹಲವು ನಾಡು ಕಂಡ ಮುಂಚೂಣಿ ಆಟಗಾರ. ಸ್ಪೇನಿನ ವೆಲೆನ್ಸಿಯಾ, ಹೆತಾಫೆ, ಸ್ಕಾಟ್ಲೆಂಡಿನ ಸೆಲ್ಟಿಕ್, ಕತಾರಿನ ಅಲ್-ಘರಾಫಾ ತಂಡಗಳಲ್ಲಿ ಆಡಿ ಬಂದವರು. ಆ ಋತುವಿನಲ್ಲಿ ಮೀಕು 15, ಚೆಟ್ರಿ 14 ಗೋಲುಗಳನ್ನು ಗಳಿಸಿದರು. ಲೀಗ್ ಹಂತದಲ್ಲಿ ಬೆಂಗಳೂರು 40 ಅಂಕಗಳೊಂದಿಗೆ ಅಗ್ರಸ್ಥಾನ ಪಡೆಯಿತು. ಆದರೆ 2018ರ ಮಾರ್ಚ್ 17ರಂದು ಕಂಠೀರವದಲ್ಲಿಯೇ ನಡೆದ ಫೈನಲ್‌ನಲ್ಲಿ, ಚೆಟ್ರಿಯವರು ಒಂಬತ್ತನೆಯ ನಿಮಿಷದಲ್ಲಿ ಮುನ್ನಡೆ ತಂದುಕೊಟ್ಟರೂ, ಚೆನ್ನೈಯಿನ್ ಎಫ್‌ಸಿ 3–2ರಿಂದ ಗೆದ್ದಿತು. ಮುಂದಿನ ತಿಂಗಳು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲನ್ನು 4–1ರಿಂದ ಸೋಲಿಸಿ ಬೆಂಗಳೂರು ಸೂಪರ್ ಕಪ್ ಪಡೆಯಿತು.

2018–19ರಲ್ಲಿ ಕೊರತೆ ನೀಗಿತು. ಸ್ಪೇನಿನ ಕಾರ್ಲೆಸ್ ಕುವಾದ್ರತ್ ತರಬೇತಿಯಲ್ಲಿ ತಂಡವು ಮುಂಬಯಿಯಲ್ಲಿ ನಡೆದ ಫೈನಲ್‌ನಲ್ಲಿ ಎಫ್‌ಸಿ ಗೋವಾವನ್ನು ಹೆಚ್ಚುವರಿ ಸಮಯದಲ್ಲಿ 1–0ಯಿಂದ ಸೋಲಿಸಿ ಐಎಸ್‌ಎಲ್ ಚಾಂಪಿಯನ್ ಆಯಿತು. 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ಗೆಲುವಿನ ಗೋಲು ಹೊಡೆದರು.

2022ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಮಣಿಸಿ ಬೆಂಗಳೂರು ಡುರಾಂಡ್ ಕಪ್ ಗೆದ್ದಿತು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್ ಪಂದ್ಯ ವಿವಾದಕ್ಕೆ ಎಡೆಮಾಡಿತು. ಹೆಚ್ಚುವರಿ ಸಮಯದಲ್ಲಿ ದೊರೆತ ಫ್ರೀಕಿಕ್ ಅನ್ನು ಎದುರಾಳಿಗಳು ರಕ್ಷಣಾ ಗೋಡೆ ಕಟ್ಟುವ ಮೊದಲೇ ಚೆಟ್ರಿಯವರು ಗುರಿ ಸೇರಿಸಿದರು. ಗೋಲನ್ನು ಒಪ್ಪದ ಕೇರಳ ತಂಡ ಮೈದಾನದಿಂದ ಹೊರನಡೆಯಿತು. ಬೆಂಗಳೂರು ಮುಂದಿನ ಹಂತ ತಲುಪಿತು. ಆ ಋತುವಿನ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ 2–2ರ ಸಮಬಲದ ಬಳಿಕ ಪೆನಾಲ್ಟಿಗಳಲ್ಲಿ ಸೋಲಾಯಿತು.

2023–24ರಲ್ಲಿ ತಂಡ ಹತ್ತನೆಯ ಸ್ಥಾನಕ್ಕೆ ಕುಸಿಯಿತು. ಚೆಟ್ರಿಯವರ ಆಟ ಮುಗಿಯಿತೆಂದು ಹಲವರು ಭಾವಿಸಿದ್ದ ಸಮಯದಲ್ಲಿ 2024–25ರ ಋತು ಬೇರೆಯೇ ಚಿತ್ರ ನೀಡಿತು. ನಲವತ್ತು ತುಂಬಿದ ಮೇಲೆ ಇವರು ಆ ಋತುವಿನಲ್ಲಿ 14 ಗೋಲು ಗಳಿಸಿ ಭಾರತೀಯ ಆಟಗಾರರ ಪೈಕಿ ಮೊದಲಿಗರಾದರು. ಬಾರ್ತಲೊಮ್ಯೂ ಓಗ್ಬೆಚೆಯವರನ್ನು ಹಿಂದಿಕ್ಕಿ ಐಎಸ್‌ಎಲ್‌ನ ಸಾರ್ವಕಾಲಿಕ ಗೋಲು ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿದರು. 2024ರ ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಸಾಧಿಸಿ, ಈ ಲೀಗ್‌ನಲ್ಲಿ ಹ್ಯಾಟ್ರಿಕ್ ಗಳಿಸಿದ ಅತಿ ಹಿರಿಯ ಆಟಗಾರರೆನಿಸಿದರು. 2025ರ ಏಪ್ರಿಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧದ ಸೆಮಿಫೈನಲ್‌ನ ಎರಡನೆಯ ಪಂದ್ಯದ ಕೊನೆಯ ಕ್ಷಣಗಳಲ್ಲಿ ಇವರು ತಲೆಯಿಂದ ಹೊಡೆದ ಗೋಲು ತಂಡವನ್ನು ಫೈನಲ್‌ಗೆ ಒಯ್ದಿತು. ಏಪ್ರಿಲ್ 12ರ ಫೈನಲ್‌ನಲ್ಲಿ ಮೋಹನ್ ಬಾಗಾನ್ ಹೆಚ್ಚುವರಿ ಸಮಯದಲ್ಲಿ 2–1ರಿಂದ ಗೆದ್ದಿತು.

ಅಭಿಮಾನಿಗಳು ಮತ್ತು ನಗರ

ಕಂಠೀರವ ಕ್ರೀಡಾಂಗಣದ ಪಶ್ಚಿಮ ಅಂಕಣದಲ್ಲಿ ನಿಂತು ಹಾಡುತ್ತ ತಂಡವನ್ನು ಹುರಿದುಂಬಿಸುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗವು ದೇಶದಾದ್ಯಂತ ಹೆಸರಾಗಿದೆ. ಕ್ರೀಡಾಂಗಣವು ನಗರದ ನಡುವೆ ಇರುವುದರಿಂದ ಹೊರವಲಯದವರಿಗೆ ಸಂಜೆಯ ಪಂದ್ಯ ನೋಡಿ ಮನೆಗೆ ಮರಳುವುದು ಹಿಂದೆ ಕಷ್ಟವಾಗಿತ್ತು. 2015ರ ಮೇ 1ರಂದು ನಾಗಸಂದ್ರದವರೆಗೆ ವಿಸ್ತರಣೆಗೊಂಡ ನಮ್ಮ ಮೆಟ್ರೊದ ಹಸಿರು ಮಾರ್ಗವು 2017ರ ಜೂನ್‌ನಲ್ಲಿ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಕೂಡಿಕೊಂಡಿತು. ಅಂದಿನಿಂದ ನಾಗಸಂದ್ರ, ದಾಸರಹಳ್ಳಿ, ಪೀಣ್ಯ ಕೈಗಾರಿಕಾ ಪ್ರದೇಶಗಳ ಕಾರ್ಮಿಕರೂ ವಿದ್ಯಾರ್ಥಿಗಳೂ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಕ್ರೀಡಾಂಗಣಕ್ಕೆ ನಡೆದು ಹೋಗಬಹುದಾಗಿದೆ.

ಭಾರತ ತಂಡದಲ್ಲಿ

ಚೆಟ್ರಿಯವರು 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನ ವಿರುದ್ಧ ಭಾರತದ ಪರ ಮೊದಲ ಪಂದ್ಯ ಆಡಿದರು. 1–1ರಿಂದ ಸಮವಾದ ಆ ಪಂದ್ಯದಲ್ಲಿ ಭಾರತದ ಗೋಲು ಇವರದೇ ಆಗಿತ್ತು. 2007, 2009 ಮತ್ತು 2012ರಲ್ಲಿ ಭಾರತ ನೆಹರೂ ಕಪ್ ಗೆದ್ದಿತು.

2008ರ ಆಗಸ್ಟ್ 13ರಂದು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ನಡೆದ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಕಿಸ್ತಾನ ವಿರುದ್ಧ ಇವರು ಹ್ಯಾಟ್ರಿಕ್ ಸಾಧಿಸಿದರು. ಭಾರತ 4–1ರಿಂದ ಗೆದ್ದಿತು. ಈ ಜಯದಿಂದ 1984ರ ನಂತರ ಮೊದಲ ಬಾರಿಗೆ ಭಾರತಕ್ಕೆ ಏಷ್ಯಾ ಕಪ್ ಪ್ರವೇಶ ದೊರೆಯಿತು. 2011ರ ಜನವರಿಯಲ್ಲಿ ದೋಹಾದಲ್ಲಿ ಭಾರತ ಮೂರೂ ಪಂದ್ಯಗಳನ್ನು ಸೋತಿತಾದರೂ ಬಹ್ರೇನ್ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಚೆಟ್ರಿಯವರು ತಲಾ ಒಂದು ಗೋಲು ಹೊಡೆದರು. ಬೈಚುಂಗ್ ಭುಟಿಯಾ ನಿವೃತ್ತರಾದ ಬಳಿಕ ತಂಡದ ಮುಂಚೂಣಿಯ ಹೊಣೆ ಇವರ ಹೆಗಲೇರಿತು. 2011ರ ಸ್ಯಾಫ್ ಚಾಂಪಿಯನ್‌ಶಿಪ್‌ನಲ್ಲಿ ಏಳು ಗೋಲು ಗಳಿಸಿದರು. 2015, 2021 ಮತ್ತು 2023ರ ಸ್ಯಾಫ್ ಪ್ರಶಸ್ತಿ ಗೆದ್ದ ತಂಡಗಳಿಗೆ ಇವರೇ ನಾಯಕರು.

ಭಾರತ ತಂಡದ ಕೆಲವು ಮುಖ್ಯ ಪಂದ್ಯಗಳು ಬೆಂಗಳೂರಿನಲ್ಲಿಯೇ ನಡೆದವು. 2017ರ ಜೂನ್ 13ರಂದು ಕಿರ್ಗಿಸ್ತಾನ ವಿರುದ್ಧ ಚೆಟ್ರಿಯವರ ಏಕೈಕ ಗೋಲಿನಿಂದ ಭಾರತ ಜಯಿಸಿತು. ಅದೇ ವರ್ಷ ಅಕ್ಟೋಬರ್ 11ರಂದು ಮಕಾವು ತಂಡವನ್ನು 4–1ರಿಂದ ಸೋಲಿಸಿ 2019ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. 2023ರ ಸ್ಯಾಫ್ ಚಾಂಪಿಯನ್‌ಶಿಪ್ ಪೂರ್ತಿಯಾಗಿ ಕಂಠೀರವದಲ್ಲಿ ನಡೆಯಿತು. ಜೂನ್ 21ರಂದು ಪಾಕಿಸ್ತಾನ ವಿರುದ್ಧ 4–0 ಜಯದಲ್ಲಿ ಚೆಟ್ರಿಯವರು ಹ್ಯಾಟ್ರಿಕ್ ಸಾಧಿಸಿದರು. ಜುಲೈ 4ರ ಫೈನಲ್‌ನಲ್ಲಿ ಭಾರತ ಕುವೈತನ್ನು ಪೆನಾಲ್ಟಿಗಳಲ್ಲಿ 5–4ರಿಂದ ಮಣಿಸಿತು. ಐದು ಗೋಲುಗಳೊಂದಿಗೆ ಇವರು ಟೂರ್ನಿಯ ಅಗ್ರ ಗೋಲುಗಾರರಾದರು.

2018ರ ಮನವಿ

2018ರ ಜೂನ್ 1ರಂದು ಮುಂಬಯಿಯಲ್ಲಿ ನಡೆದ ಇಂಟರ್‌ಕಾಂಟಿನೆಂಟಲ್ ಕಪ್ ಪಂದ್ಯದಲ್ಲಿ ಭಾರತ ಚೈನೀಸ್ ತೈಪೆಯನ್ನು 5–0ಯಿಂದ ಸೋಲಿಸಿತು. ಚೆಟ್ರಿಯವರು ಮೂರು ಗೋಲು ಹೊಡೆದರು. ಅದನ್ನು ನೋಡಲು ಬಂದವರು 2,569 ಮಂದಿ. ಮರುದಿನ ಚೆಟ್ರಿಯವರು ಒಂದು ಕಿರು ವಿಡಿಯೊ ಮೂಲಕ ಜನರನ್ನು ಮೈದಾನಕ್ಕೆ ಆಹ್ವಾನಿಸಿದರು. ಟೀಕಿಸಬೇಕಾದರೂ, ಬೈಯಬೇಕಾದರೂ ಕ್ರೀಡಾಂಗಣಕ್ಕೇ ಬಂದು ಮಾಡಿ ಎಂಬುದು ಅದರ ಸಾರ. ಯೂರೋಪಿನ ಕ್ಲಬ್ಬುಗಳ ಆಟವನ್ನು ಪರದೆಯ ಮೇಲೆ ನೋಡಿ ಭಾರತೀಯರ ಆಟ ಸಮಯಕ್ಕೆ ತಕ್ಕುದಲ್ಲವೆಂದು ಭಾವಿಸುವವರನ್ನೂ ಅವರು ಉದ್ದೇಶಿಸಿ ಮಾತನಾಡಿದ್ದರು. ತಮ್ಮ ತಂಡದ ಮಟ್ಟ ಅಲ್ಲಿಗೆ ಸಮೀಪವೂ ಇಲ್ಲವೆಂಬುದನ್ನು ಅವರು ಮುಚ್ಚಿಡಲಿಲ್ಲ. ಜೂನ್ 4ರಂದು ಕೀನ್ಯಾ ವಿರುದ್ಧದ ಪಂದ್ಯದ ಟಿಕೆಟ್‌ಗಳೆಲ್ಲ ಮಾರಾಟವಾದವು. ಅದು ಅವರ ನೂರನೆಯ ಅಂತರರಾಷ್ಟ್ರೀಯ ಪಂದ್ಯವಾಗಿತ್ತು. ಮಳೆಯ ನಡುವೆ ಭಾರತ 3–0ಯಿಂದ ಗೆದ್ದಿತು, ಎರಡು ಗೋಲು ನಾಯಕರದು. ಜೂನ್ 10ರ ಫೈನಲ್‌ನಲ್ಲಿಯೂ ಎರಡು ಗೋಲು ಗಳಿಸಿ ಇವರು ತಮ್ಮ ಗೋಲುಗಳ ಸಂಖ್ಯೆಯನ್ನು 64ಕ್ಕೆ ಏರಿಸಿ ಆಗಿನ ಮೆಸ್ಸಿಯವರ ಸಂಖ್ಯೆಯನ್ನು ಸರಿಗಟ್ಟಿದರು. 2019ರ ಜನವರಿ 6ರಂದು ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ 4–1 ಜಯದಲ್ಲಿ ಎರಡು ಗೋಲು ಹೊಡೆದು ಅದನ್ನು ದಾಟಿದರು.

ಈ ಹೋಲಿಕೆಯನ್ನು ಎಚ್ಚರದಿಂದ ಗ್ರಹಿಸಬೇಕು. ಚೆಟ್ರಿಯವರ ಗೋಲುಗಳಲ್ಲಿ ಬಹುಪಾಲು ಏಷ್ಯಾದ ಮಧ್ಯಮ ಹಾಗೂ ಕೆಳ ಶ್ರೇಯಾಂಕದ ತಂಡಗಳ ವಿರುದ್ಧ ಬಂದವು. ಅದೇ ವೇಳೆ, ಗೋಲಿನ ಅವಕಾಶಗಳನ್ನು ಹೆಚ್ಚಾಗಿ ಸೃಷ್ಟಿಸಲಾಗದ ತಂಡವೊಂದರಲ್ಲಿ ಇವರು ಇಷ್ಟು ಗೋಲು ಗಳಿಸಿದ್ದಾರೆ ಎಂಬುದೂ ಅಷ್ಟೇ ನಿಜ.

ವಿದಾಯ ಮತ್ತು ಮರಳುವಿಕೆ

2024ರ ಮೇ 16ರಂದು ಚೆಟ್ರಿಯವರು ನಿವೃತ್ತಿ ಪ್ರಕಟಿಸಿದರು. ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ವಿದಾಯ ಪಂದ್ಯ ಆಡಿದರು. ವಿಶ್ವಕಪ್ ಅರ್ಹತಾ ಸುತ್ತಿನ ಆ ಪಂದ್ಯ ಗೋಲಿಲ್ಲದೆ ಸಮವಾಯಿತು. ಅನಂತರ ಭಾರತ ತಂಡಕ್ಕೆ ಗೋಲು ಗಳಿಸುವವರೇ ಇಲ್ಲವೆಂಬಂತಾಯಿತು. 2025ರ ಮಾರ್ಚ್‌ನಲ್ಲಿ ಇವರು ನಿವೃತ್ತಿಯಿಂದ ಮರಳಿದರು. ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3–0 ಜಯದಲ್ಲಿ 95ನೆಯ ಗೋಲು ಹೊಡೆದರು. ನಲವತ್ತರ ಆಟಗಾರನನ್ನು ಮರಳಿ ಕರೆಯಬೇಕಾಗಿ ಬಂದದ್ದು ಅವರ ದೇಹಕ್ಷಮತೆಗೆ ಸಂದ ಗೌರವವಾದಂತೆ, ಉತ್ತರಾಧಿಕಾರಿಯನ್ನು ಬೆಳೆಸಲಾಗದ ವ್ಯವಸ್ಥೆಯ ಕೊರತೆಯನ್ನೂ ತೋರಿಸಿತು. ಐಎಸ್‌ಎಲ್ ತಂಡಗಳು ಮುಂಚೂಣಿಯ ನಡುಸ್ಥಾನಕ್ಕೆ ಸಾಮಾನ್ಯವಾಗಿ ವಿದೇಶಿ ಆಟಗಾರರನ್ನೇ ಆರಿಸುವುದರಿಂದ ಭಾರತೀಯ ಯುವಕರಿಗೆ ಆ ಸ್ಥಾನದಲ್ಲಿ ಆಡುವ ಅನುಭವ ಕಡಿಮೆ ಎಂಬುದು ಇದಕ್ಕೆ ಕೊಡುವ ಮುಖ್ಯ ಕಾರಣ.

ಆಟದ ಶೈಲಿ

ಸುಮಾರು 170 ಸೆಂ.ಮೀ. ಎತ್ತರದ ಚೆಟ್ರಿಯವರು ಮುಂಚೂಣಿ ಆಟಗಾರರಿಗೆ ಬೇಕೆನ್ನುವ ದೈತ್ಯ ಮೈಕಟ್ಟು ಉಳ್ಳವರಲ್ಲ. ಚೆಂಡು ಬೀಳುವ ಜಾಗವನ್ನು ರಕ್ಷಕರಿಗಿಂತ ಮುಂಚೆ ಊಹಿಸುವುದು ಮತ್ತು ಸರಿಯಾದ ಕ್ಷಣದಲ್ಲಿ ಜಿಗಿಯುವುದು ಇವರ ಬಲ. ಆದ್ದರಿಂದಲೇ ತಮಗಿಂತ ಎತ್ತರದ ರಕ್ಷಕರ ನಡುವೆಯೂ ತಲೆಯಿಂದ ಹಲವು ಗೋಲು ಗಳಿಸಿದ್ದಾರೆ. ಬೆಂಗಳೂರು ತಂಡದಲ್ಲಿ ಹಲವು ಋತುಗಳಲ್ಲಿ ಎಡಬದಿಯಿಂದ ಒಳಕ್ಕೆ ನುಗ್ಗುವ ಆಟಗಾರರಾಗಿ, ಭಾರತ ತಂಡದಲ್ಲಿ ನಡುವಿನ ಮುಂಚೂಣಿ ಆಟಗಾರರಾಗಿ ಆಡಿದ್ದಾರೆ. ಆಹಾರ, ನಿದ್ರೆ, ವ್ಯಾಯಾಮಗಳಲ್ಲಿನ ಶಿಸ್ತು ಇವರ ದೀರ್ಘ ವೃತ್ತಿಜೀವನಕ್ಕೆ ಆಧಾರವಾಗಿದೆ. ಬೆನ್ನ ಮೇಲಿನ ಅಂಗಿಯ ಸಂಖ್ಯೆ 11.

ವೈಯಕ್ತಿಕ ಜೀವನ

2017ರ ಡಿಸೆಂಬರ್ 4ರಂದು ಸೋನಂ ಭಟ್ಟಾಚಾರ್ಯ ಅವರನ್ನು ವಿವಾಹವಾದರು. ಇವರು ಮೋಹನ್ ಬಾಗಾನ್‌ನ ಹೆಸರಾಂತ ಆಟಗಾರ ಹಾಗೂ ತರಬೇತುದಾರ ಸುಬ್ರತ ಭಟ್ಟಾಚಾರ್ಯರ ಮಗಳು.

ಪ್ರಶಸ್ತಿ, ಗೌರವಗಳು

ಅರ್ಜುನ ಪ್ರಶಸ್ತಿ – 2011
ಪದ್ಮಶ್ರೀ – 2019
ಮೇಜರ್ ಧ್ಯಾನ್‌ಚಂದ್ ಖೇಲ್ ರತ್ನ – 2021 (ಈ ಪ್ರಶಸ್ತಿ ಪಡೆದ ಮೊದಲ ಫುಟ್‌ಬಾಲ್ ಆಟಗಾರ)
ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ವರ್ಷದ ಆಟಗಾರ – 2007, 2011, 2013, 2014, 2017, 2018–19, 2021–22

2022ರಲ್ಲಿ ಫಿಫಾ ಸಂಸ್ಥೆಯು ಇವರ ಜೀವನವನ್ನು ಕುರಿತು ‘ಕ್ಯಾಪ್ಟನ್ ಫೆಂಟಾಸ್ಟಿಕ್’ ಎಂಬ ಮೂರು ಕಂತುಗಳ ಸಾಕ್ಷ್ಯಚಿತ್ರವನ್ನು ಬಿಡುಗಡೆ ಮಾಡಿತು.

ಆಡಿದ ಕ್ಲಬ್ಬುಗಳು

ಸಿಟಿ ಕ್ಲಬ್, ದೆಹಲಿ – 2001–02
ಮೋಹನ್ ಬಾಗಾನ್, ಕೋಲ್ಕತ್ತ – 2002–05
ಜೆಸಿಟಿ, ಫಗ್ವಾಡ – 2005–08
ಈಸ್ಟ್ ಬೆಂಗಾಲ್, ಕೋಲ್ಕತ್ತ – 2008–09
ಡೆಂಪೋ, ಗೋವಾ – 2009–10
ಕಾನ್ಸಾಸ್ ಸಿಟಿ ವಿಜರ್ಡ್ಸ್, ಅಮೆರಿಕ – 2010
ಚಿರಾಗ್ ಯುನೈಟೆಡ್, ಕೋಲ್ಕತ್ತ – 2011
ಮೋಹನ್ ಬಾಗಾನ್, ಕೋಲ್ಕತ್ತ – 2011–12
ಸ್ಪೋರ್ಟಿಂಗ್ ‘ಬಿ’, ಲಿಸ್ಬನ್ – 2012–13
ಚರ್ಚಿಲ್ ಬ್ರದರ್ಸ್, ಗೋವಾ (ಎರವಲು) – 2013
ಬೆಂಗಳೂರು ಎಫ್‌ಸಿ – 2013ರಿಂದ
ಮುಂಬೈ ಸಿಟಿ (ಐಎಸ್‌ಎಲ್ ಋತುಗಳು) – 2015, 2016